ವಜೂ ಆದ ಬಂಪರ್

ಕೈ ಸೋತದ್ದರಿಂದ ಖಾಸಿಂ ಚಾಚಾ ಬಣ್ಣದ ಕೆಲಸ ಬಿಟ್ಟರು ಎಂದು ಇಳಕಲ್ಲಿನ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಒಂದು ವರ್ಷ ಎರಡು ತಿಂಗಳು ಅವರೂ ಹಾಗೆಯೇ ನಂಬಿದ್ದರು. ಅವರ ಕೈಗೆ ಏನೂ ಆಗಿರಲಿಲ್ಲ. ಆದದ್ದೇನು ಎಂದು ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಾನು ಸುಮ್ಮನಿದ್ದೆ.

ನಾವು ಅವರ ಬಾಡಿಗೆದಾರರು. ಅಂಗಳ ಒಂದೇ. ಆ ಬದಿಗೆ ಅವರ ಎರಡು ಕೋಣೆ, ಈ ಬದಿಗೆ ನಮ್ಮ ಎರಡು ಕೋಣೆ, ನಡುವೆ ಒಂದು ಬೇವಿನ ಗಿಡ, ಒಂದು ನಳ. ನನ್ನ ಗಂಡ ಶಿವಪ್ರಕಾಶ ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಮುಖ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಹಗಲೆಲ್ಲ ನನಗೆ ಜೊತೆಯೆಂದರೆ ಚಾಚಾ, ಅವರ ಹೆಂಡತಿ ಮಲಿಕಾ ಚಾಚಿ, ಮತ್ತು ಬೇವಿನ ನೆರಳಿನ ಹಗ್ಗದ ಹೊರಸಿನ ಮೇಲೆ ಅಡ್ಡ ಮಲಗಿರುತ್ತಿದ್ದ ಯಾರದೋ ಕಾರಿನ ಬಂಪರು. ಮೊದಮೊದಲು ಅದನ್ನು ನೋಡಿದರೆ ದವಾಖಾನೆಯಲ್ಲಿ ಮಲಗಿಸಿದ ರೋಗಿಯ ಹಾಗೆ ಅನಿಸುತ್ತಿತ್ತು. ಆಮೇಲೆ ರೂಢಿಯಾಯಿತು. "ಇವತ್ತು ಯಾರ ಬಂದಾರ್ರಿ ಚಾಚಾ?" ಎಂದು ಕೇಳುತ್ತಿದ್ದೆ. "ಕಲಾದಗಿಯವರು. ಮಾರಿ ಒಡಕೊಂಡು ಬಂದಾರ," ಎನ್ನುತ್ತಿದ್ದರು.

ಚಾಚಾನ ತಂದೆ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವರು. ಹಂಡೆಯಿಂದ ತೆಗೆದ ನೂಲಿಗೆ ಹಸಿಯಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು ಬಣ್ಣ. ಹಸಿ ಇದ್ದಾಗಲೇ ಒಣಗಿದ್ದು ಕಾಣಬೇಕು, ಅಂಥವನೇ ಬಣ್ಣಗಾರ ಎಂದು ತಂದೆ ಕಲಿಸಿದ್ದರಂತೆ. ಏಳೆಂಟು ವರ್ಷದ ಹುಡುಗನಾಗಿದ್ದ ಚಾಚಾ ಒದ್ದೆ ನೂಲು ಹಿಡಿದು, "ಇದು ಸಂಜೀಕ ದಾಳಿಂಬರ ಆಗತೈತಿ," ಎಂದರೆ ಸಂಜೆಗೆ ಅದು ದಾಳಿಂಬರ ಕೆಂಪೇ ಆಗಿರುತ್ತಿತ್ತು ಎಂದು ಚಾಚಿ ಹೇಳುತ್ತಾರೆ. ಮುಂದೆ ಬಣ್ಣ ಹಾಕಿದ ನೂಲೇ ಹೊರಗಿನಿಂದ ಬರತೊಡಗಿತು. ಹಂಡೆ ತಣ್ಣಗಾಯಿತು. ಹುಡುಗ ಬಾಗಲಕೋಟೆಗೆ ಹೋಗಿ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ನಿಂತ. ಇಪ್ಪತ್ತೆರಡು ವರ್ಷ ಅಲ್ಲೇ ದುಡಿದು, ಅದು ಮುಚ್ಚಿದಾಗ ಒಂದು ಹಳೆಯ ಕಂಪ್ರೆಸರು ಮತ್ತು ಒಂದು ಸ್ಪ್ರೇ ಗನ್ನು ತೆಗೆದುಕೊಂಡು ಊರಿಗೆ ಬಂದರು. ಇಡೀ ಕಾರು ನಿಲ್ಲಿಸಲು ಅಂಗಳದಲ್ಲಿ ಜಾಗವಿಲ್ಲ. ಆದರೆ ಬಂಪರನ್ನು ಬಿಚ್ಚಿ ಹೆಗಲ ಮೇಲೆ ತರಬಹುದು. ಹೀಗೆ ಮನೆಯ ಕೆಲಸ ಅದೇ ಆಯಿತು.

"ಕಬ್ಬಿಣ ಬಣ್ಣ ಕುಡೀತೈತಿ ಬಸವ್ವ, ಪ್ಲಾಸ್ಟಿಕ್ ಉಗುಳತೈತಿ," ಎಂದು ನನಗೆ ಹೇಳಿದ್ದರು. ನನ್ನ ಹೆಸರು ಬಸವೇಶ್ವರಿ. ಅಷ್ಟು ಉದ್ದ ಅವರ ಬಾಯಿಗೆ ಬರಲಿಲ್ಲ. ಪ್ಲಾಸ್ಟಿಕ್ಕು ಉಗುಳದ ಹಾಗೆ ಮಾಡುವುದೇ ಅವರ ವಿದ್ಯೆ. ಮೊದಲು ಸಾಬೂನು ನೀರಿನಿಂದ ತೊಳೆಯುವುದು. ಆಮೇಲೆ ನೀರು ಬಿಡುತ್ತ ಪಾಲಿಶ್ ಕಾಗದದಿಂದ ತಿಕ್ಕುವುದು, ಮೈ ಮಂಜು ಹಿಡಿದ ಕನ್ನಡಿಯ ಹಾಗೆ ಆಗುವವರೆಗೆ. ಆಮೇಲೆ ಪ್ರೈಮರು, ಮತ್ತೆ ತಿಕ್ಕುವುದು, ಕೊನೆಗೆ ಥಿನ್ನರ್ ಹಚ್ಚಿದ ಅರಿವೆಯಿಂದ ಒಂದೇ ದಿಕ್ಕಿಗೆ ಒರೆಸಿ ಬಿಡುವುದು. ನಮ್ಮ ಊರಿನ ಗಾಳಿಯಲ್ಲಿ ಕಲ್ಲು ಪಾಲಿಶಿನ ಧೂಳು ಸದಾ ಇರುತ್ತದೆ. ಅದು ಹಸಿ ಬಣ್ಣದ ಮೇಲೆ ಕೂರಬಾರದೆಂದು ಅಂಗಳಕ್ಕೆಲ್ಲ ನೀರು ಹೊಡೆದು, ಚಾಚಿಯ ನಾಲ್ಕು ಹಳೆಯ ಇಳಕಲ್ ಸೀರೆಗಳನ್ನು ತೋಯಿಸಿ ಹೊರಸಿನ ಸುತ್ತ ಹಗ್ಗಕ್ಕೆ ಹಾಕುತ್ತಿದ್ದರು. ಒಳಗೆ ಚಾಚಾ, ಬಂಪರು ಮತ್ತು ಗನ್ನಿನ ಉಸಿರು.

ಥಿನ್ನರಿನಿಂದ ಒರೆಸಿದ ಮೇಲೆ ಬಂಪರನ್ನು ಯಾರೂ ಮುಟ್ಟಬಾರದು.

"ಅದರದು ಈಗ ವಜೂ ಆಗೈತಿ," ಎನ್ನುತ್ತಿದ್ದರು. ನಮಾಜಿಗೆ ನಿಲ್ಲುವ ಮುಂಚೆ ಕೈಕಾಲು ಮುಖ ತೊಳೆಯುತ್ತಾರಲ್ಲ, ಆ ವಜೂ. "ಇನ್ನ ಮುಟ್ಟಬ್ಯಾಡ್ರಿ."

"ತೌಬಾ, ಏನ ಮಾತು ಇವರದು," ಎಂದು ಚಾಚಿ ಕೆನ್ನೆ ಬಡಿದುಕೊಳ್ಳುತ್ತಿದ್ದರು. "ಹೆಂಡತಿ ಉಪಾಸ ಇದ್ರೂ ನಡೀತೈತಿ ಬಸವ್ವ. ಇವರ ಬಂಪರಿನ ವಜೂ ಮಾತ್ರ ಕೆಡಬಾರದು."

ಕಾರಿನ ಕಂಪನಿಗಳು ಬಣ್ಣಗಳಿಗೆ ಏನೇನೋ ಹೆಸರಿಟ್ಟಿರುತ್ತವೆ. ಚಾಚಾ ಒಂದನ್ನೂ ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಎಲ್ಲವೂ ಸೀರೆಯ ಬಣ್ಣಗಳೇ: ದಾಳಿಂಬರ, ಗಿಳಿಹಸಿರು, ನವಿಲಗೊರಳು. ಗಿರಾಕಿ ಬಂಪರಿನ ಜೊತೆ ಕಾರಿನ ಪೆಟ್ರೋಲ್ ಟಾಕಿಯ ಮುಚ್ಚಳವನ್ನೂ ಬಿಚ್ಚಿ ತಂದುಕೊಡಬೇಕಿತ್ತು. ಆ ಮುಚ್ಚಳದ ಪಕ್ಕದಲ್ಲಿ ಕಡ್ಡಿಯಿಂದ ಒಂದೊಂದೇ ಹನಿ ಇಟ್ಟು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವರು. "ಒಂದ ಎಳಿ ಕಪ್ಪಾತು," ಎಂದು ಮತ್ತೆ ಕಲಸುವರು. ಹೊಡೆದು ಮುಗಿಸಿದ ಮೇಲೆ ಕಾರಿಗೆ ಹಚ್ಚಿದರೆ ಯಾವುದು ಹಳೆಯದು ಯಾವುದು ಹೊಸದು ಎಂದು ಕಾರಿನವನಿಗೇ ತಿಳಿಯುತ್ತಿರಲಿಲ್ಲ. ಆಗ ಚಾಚಾ ಒಂದೇ ಮಾತು ಕೇಳುವರು: "ಹೊಂದೇತೇನು?" ಆ ಮಾತಿಗೆ "ಹೊಂದೇತ್ರಿ" ಎಂಬ ಉತ್ತರ ಸಿಕ್ಕರೆ ಅವತ್ತು ಊಟ ಎರಡು ರೊಟ್ಟಿ ಹೆಚ್ಚು.

ನನ್ನ ಮಗಳು ಪ್ರಿಯದರ್ಶಿನಿ ತವರಿನಿಂದ ಈ ಅಂಗಳಕ್ಕೆ ಬಂದಾಗ ಅವಳಿಗೆ ಐದು ತಿಂಗಳು. ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ನನ್ನದೇ ಆಯಿತು. ಹತ್ತು ಗಂಟೆಗೆ ಬಾಗಿಲ ಬಳಿ ಚಾಪೆ ಹಾಸಿ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ತಲೆಯಿಂದ ಪಾದದವರೆಗೆ ತಿಕ್ಕುತ್ತಿದ್ದೆ. ಹೆಚ್ಚಾದದ್ದನ್ನು ಮೆತ್ತನೆಯ ಹಳೆಯ ಧೋತರದ ತುಂಡಿನಲ್ಲಿ ಒರೆಸಿ ಅದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ.

ಕಳೆದ ವರ್ಷದ ಫೆಬ್ರವರಿಯ ಒಂದು ಮಂಗಳವಾರ. ಹೊರಸಿನ ಮೇಲೆ ಹುನಗುಂದದ ಮಲಕಪ್ಪನ ಬಂಪರಿತ್ತು. ಮಲಕಪ್ಪ ಬಾಡಿಗೆ ಕಾರು ಓಡಿಸುವವನು. ಕಲ್ಲಿನ ಲಾರಿಯೊಂದು ಹಿಂದೆ ಬಂದು ಗುದ್ದಿತ್ತು. ದಾಳಿಂಬರ ಕೆಂಪು. ಚಾಚಾ ಎರಡು ದಿನ ಅದರ ಬಣ್ಣ ಕಲಸಿದ್ದರು. ಅಂದು ಥಿನ್ನರಿನಿಂದ ಒರೆಸಿ, "ವಜೂ ಆತು," ಎಂದು ಹೇಳಿ, ಚಾಚಿಯ ಸಕ್ಕರೆ ಬೇನೆಯ ಗುಳಿಗೆ ತರಲು ಚೌಕಿನ ಅಂಗಡಿಗೆ ಹೋದರು. ಸಕ್ಕರೆ ಬೇನೆ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಆದರೆ ತಪ್ಪದೆ ಗುಳಿಗೆ ಬರುತ್ತಿದ್ದದ್ದು ಚಾಚಿಗೆ ಮಾತ್ರ. ಚಾಚಿ ಒಳಗೆ ಅಡಿಗೆ ಮಾಡುತ್ತಿದ್ದರು.

ನಾನು ಮಗುವಿಗೆ ಎಣ್ಣೆ ತಿಕ್ಕಿ ಮುಗಿಸಿದ್ದೆ. ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತು. ಒದ್ದೆ ಸೀರೆ ಹಾಯಿಯ ಹಾಗೆ ಉಬ್ಬಿ ಬಂಪರಿಗೆ ಬಡಿದು, ಅದು ಹೊರಸಿನಿಂದ ಜಾರತೊಡಗಿತು. ಎರಡು ದಿನದ ಕೆಲಸ ಕಲ್ಲಿಗೆ ಬಿದ್ದರೆ ಏನು ಗತಿ ಎಂದು ಓಡಿಹೋಗಿ ಎರಡೂ ಕೈಯಿಂದ ತಬ್ಬಿ ಹಿಡಿದೆ, ಮೆಲ್ಲಗೆ ಹೊರಸಿನ ಮೇಲೆ ಮಲಗಿಸಿದೆ. ನೋಡಿದರೆ ಅದರ ಮೇಲೆ ನನ್ನ ಹತ್ತೂ ಬೆರಳು. ಅಯ್ಯೋ, ಕೊಳೆ ಮಾಡಿದೆನಲ್ಲ ಎಂದು ಹೆಗಲ ಮೇಲಿನ ಅರಿವೆಯಿಂದ ಒರೆಸಿದೆ. ಈ ತುದಿಯಿಂದ ನಡುವಿನವರೆಗೆ, ಬೆರಳಿನ ಗುರುತು ಹೋಗುವವರೆಗೆ, ಚೆನ್ನಾಗಿ ಒರೆಸಿದೆ. ಮಗು ಅಳತೊಡಗಿತು. ನೀರು ಹಾಕಲು ಒಳಗೆ ಕರೆದುಕೊಂಡು ಹೋದೆ.

ಮಗುವನ್ನು ಮಲಗಿಸಿ ಹೊರಗೆ ಬಂದಾಗ ಗನ್ನಿನ ಸದ್ದು ನಿಂತಿತ್ತು. ಸೀರೆಯ ಮರೆಯಿಂದ ಇಣುಕಿದೆ. ಕೆಂಪು ಬಣ್ಣದ ಮೇಲೆ ಸಿಡುಬು ಎದ್ದ ಹಾಗೆ ಸಣ್ಣ ಸಣ್ಣ ಕುಳಿಗಳು. ಅಷ್ಟಷ್ಟು ಜಾಗದಿಂದ ಬಣ್ಣ ಹಿಂದೆ ಸರಿದು ನಿಂತಿತ್ತು. ಚಾಚಾ ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಗನ್ನು ಹಿಡಿದ ತಮ್ಮ ಕೈಯನ್ನು ನೋಡಿಕೊಂಡರು.

"ಯಾರರೆ ಮುಟ್ಟಿದ್ರೇನು?" ಎಂದು ಕೇಳಿದರು. ಸಿಟ್ಟಿನಿಂದಲ್ಲ.

ನಾನು ಬಾಯಿ ತೆರೆಯುವುದರೊಳಗೆ ಚಾಚಿ ಒಳಗಿನಿಂದಲೇ ಉತ್ತರ ಕೊಟ್ಟರು. "ಯಾರ ಮುಟ್ಟತಾರ? ನಾ ಒಲಿ ಮುಂದ, ಆಕಿ ಕೂಸಿನ ಮುಂದ. ಅರವತ್ತೇಳು ಆತು ನಿಮಗ. ಕೈ ಇನ್ನೂ ಮದುವಿ ದಿನದ ಕೈ ಅಂತ ತಿಳಕೊಂಡೀರೇನು?"

ಚಾಚಾ ನಕ್ಕರು. ನಾನೂ ನಕ್ಕೆ. ಅರಿವೆಗೆ ಎಣ್ಣೆ ಇತ್ತು ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದಿರಲಿಲ್ಲ. ಬೀಳುವುದನ್ನು ಹಿಡಿದೆ, ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದೆ.

ತಿಳಿದದ್ದು ಸಂಜೆ, ಬಟ್ಟೆ ಒಗೆಯುವಾಗ. ಆ ಧೋತರದ ತುಂಡು ನೀರಿನಲ್ಲಿ ನೆನೆಯಲಿಲ್ಲ. ನೀರು ಅದರ ಮೇಲೆ ಹನಿಹನಿಯಾಗಿ ದೂರ ಸರಿದು ನಿಂತಿತು. ಬಂಪರಿನ ಮೇಲೆ ಬಣ್ಣ ನಿಂತದ್ದೂ ಹೀಗೆಯೇ. ಕೈಯಲ್ಲಿ ಅರಿವೆ ಹಿಡಿದು ನಳದ ಬಳಿ ಎಷ್ಟು ಹೊತ್ತು ಕೂತೆನೋ. ಅಂದು ಡೈರಿಯಲ್ಲಿ ಬರೆದದ್ದು ಎರಡೇ ಸಾಲು. ಮಗುವಿಗೆ ಕೆಳಗಿನ ಹಲ್ಲು ಕಾಣುತ್ತಿದೆ. ಚಾಚಾಗೆ ನಾಳೆ ಹೇಳಬೇಕು.

ಮರುದಿನ ಹೇಳಲೆಂದೇ ಹೋದೆ. ಚಾಚಾ ಆ ಬಣ್ಣವನ್ನೆಲ್ಲ ಕಿತ್ತು, ಥಿನ್ನರಿನಿಂದ ಒರೆಸಿ ಮತ್ತೆ ಹೊಡೆದಿದ್ದರು. ಕುಳಿಗಳು ಕಡಿಮೆಯಾಗಿದ್ದವು, ಹೋಗಿರಲಿಲ್ಲ. ಒರೆಸುವ ಅರಿವೆಯೇ ಎಣ್ಣೆಯನ್ನು ಮತ್ತೆ ಅಲ್ಲಲ್ಲೇ ಹಚ್ಚುತ್ತಿತ್ತೆಂದು ನನಗೆ ಈಗ ಅರ್ಥವಾಗುತ್ತದೆ. ಅಷ್ಟರಲ್ಲಿ ಮಲಕಪ್ಪ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ಮರುದಿನ ಅವನ ಕಾರು ಮದುವೆಯ ದಿಬ್ಬಣಕ್ಕೆ ಹೋಗಬೇಕಿತ್ತು.

"ಏನ್ರಿ ಚಾಚಾ, ನನ್ನ ಗಾಡಿಗೆ ಮೈಲಿ ಎದ್ದಾವಲ್ಲ," ಎಂದ. ಆಮೇಲೆ ಮುದುಕರಿಗೆ ನೋವಾಗದಿರಲಿ ಎಂದು ದನಿ ಇಳಿಸಿ, "ಇರಲಿ ಬಿಡ್ರಿ. ವಯಸ್ಸಾತು. ಇನ್ನ ತಸ್ಬಿ ಮಣಿ ಎಣಿಸ್ಕೋತ ಆರಾಮ ಕುಂದ್ರೂ ವ್ಯಾಳೆ ನಿಮ್ಮದು," ಎಂದ.

ಅವನು ಕೂಗಾಡಿದ್ದರೆ ಚಾಚಾ ತಿರುಗಿ ಬೈಯುತ್ತಿದ್ದರು. ದನಿ ಇಳಿಸಿದ್ದೇ ಚುಚ್ಚಿತು. ಬಂಪರನ್ನು ತಾವೇ ಎತ್ತಿ ಕಾರಿನ ಮೇಲೆ ಕಟ್ಟಿದರು, ಮುಚ್ಚಳವನ್ನು ಅವನ ಕೈಗೆ ಕೊಟ್ಟರು. "ಹೊಂದೇತೇನು?" ಎಂದು ಕೇಳಲಿಲ್ಲ. ಮಲಕಪ್ಪನ ಎದುರು ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವನು ಹೋದ ಮೇಲೆ ಹೇಳೋಣ ಎಂದುಕೊಂಡೆ. ಅವನು ಹೋದ ಮೇಲೆ ಚಾಚಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಡೈರಿ ತಿರುವಿ ಹಾಕಿದರೆ ಆ ವಾರದಲ್ಲಿ 'ನಾಳೆ ಹೇಳಬೇಕು' ಎಂದು ನಾಲ್ಕು ಕಡೆ ಇದೆ. ಒಂದು ಕಡೆ, 'ಮನೆ ಬಿಡಿಸಿದರೆ?' ಎಂದೂ ಇದೆ. ಅಷ್ಟು ಸಣ್ಣತನ ಚಾಚಾನಲ್ಲಿರಲಿಲ್ಲ. ಅದಿದ್ದದ್ದು ನನ್ನಲ್ಲಿ.

ಮುಂದಿನ ವಾರ ಬಾದಾಮಿಯಿಂದ ಚಾಚಾನ ತಂಗಿಯ ಮಗ ದಾನಿಶ ಬಂದು ಕಂಪ್ರೆಸರು, ಗನ್ನು ಎರಡನ್ನೂ ಒಯ್ದ. ಅಲ್ಲಿ ಅವನದು ಗ್ಯಾರೇಜಿದೆ. ಚಾಚಾ ಗನ್ನನ್ನು ಬಿಚ್ಚಿ, ತೊಳೆದು, ಬಾಯಿಗೆ ಅರಿವೆ ಸುತ್ತಿ ಕೊಟ್ಟರು. ಆ ಅರಿವೆ ಸುತ್ತುವಾಗ ಬೆರಳು ಒಂದಿಷ್ಟೂ ನಡುಗಲಿಲ್ಲ. ನಾನು ನೋಡುತ್ತ ನಿಂತಿದ್ದೆ.

"ಯಾಕ್ರಿ ಮಾಮಾ, ಇನ್ನೂ ಎರಡ ವರ್ಷ ಮಾಡಬಹುದಿತ್ತಲ್ಲ?" ಎಂದ ದಾನಿಶ.

"ಪ್ಲಾಸ್ಟಿಕ್ ನನ್ನ ಕೈ ಉಗುಳಾಕತ್ತೈತಿ," ಎಂದರು.

ಹೊರಸು ಖಾಲಿಯಾಯಿತು. ಚಾಚಾ ಅದರ ಮೇಲೆ ಕೂರತೊಡಗಿದರು. ಮೊದಲು ಮುಚ್ಚಳ ಹಿಡಿದು ಬಣ್ಣದಂಗಡಿಗೆ ದಿನಕ್ಕೆ ಎರಡು ಸಲ ನಡೆಯುತ್ತಿದ್ದವರು ಈಗ ಮಸೀದಿಗೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಯಾರಾದರೂ ಬಂಪರು ಹೊತ್ತು ತಂದರೆ ಚಾಚಿಯೇ ಬಾಗಿಲಲ್ಲಿ ತಡೆದು ಕಳಿಸುತ್ತಿದ್ದರು. ಪ್ರಿಯದರ್ಶಿನಿ ತೆವಳಿದಳು, ನಿಂತಳು, ಹೊರಸಿನ ಕಾಲು ಹಿಡಿದು ನಡೆದಳು. ಅವಳನ್ನು ಎತ್ತಿಕೊಂಡು ಹಗ್ಗದ ಮೇಲಿನ ಬಟ್ಟೆ ತೋರಿಸಿ ಚಾಚಾ ಬಣ್ಣಗಳ ಹೆಸರು ಹೇಳುತ್ತಿದ್ದರು. ಒಂದು ದಿನ ಅವಳ ಗಿಳಿಹಸಿರು ಅಂಗಿ ತೋರಿಸಿ, "ಇದು ನವಿಲಗೊರಳು," ಎಂದರು. ಬಿಸಿಲಿನ ಝಳ ಇರಬೇಕು ಎಂದುಕೊಂಡು ನಾನು ಒಳಗೆ ಹೋದೆ. ಆರು ತಿಂಗಳಾದ ಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಸಕ್ಕರೆ ಕಣ್ಣಿನ ಹಿಂದಿನ ಪರದೆಗೆ ಇಳಿದಿದೆ, ಇದ್ದದ್ದನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದರು. ಅದಕ್ಕೂ ನಿನ್ನ ಎಣ್ಣೆಗೂ ಸಂಬಂಧವಿಲ್ಲ ಎನ್ನುತ್ತಾರೆ ಶಿವಪ್ರಕಾಶ, ಈಗ ಎಲ್ಲ ತಿಳಿದ ಮೇಲೆ. ಇರಲಿಕ್ಕಿಲ್ಲ. ಆದರೆ ಕೆಲಸ ಇದ್ದಾಗ ಚಾಚಾ ದಿನಕ್ಕೆ ಎರಡು ಸಲ ನಡೆಯುತ್ತಿದ್ದರು ಎಂಬುದೂ ಸುಳ್ಳಲ್ಲ.

ಈ ಏಪ್ರಿಲ್‌ನಲ್ಲಿ ನಾವು ಒಂದು ಹಳೆಯ ಕಾರು ತೆಗೆದುಕೊಂಡೆವು. ಬೂದಿ ಬಣ್ಣ. ಮೂರನೇ ದಿನವೇ ಶಿವಪ್ರಕಾಶ ಅದನ್ನು ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಅಂಗಳದ ಬಾಗಿಲಿನ ಕಲ್ಲುಗಂಬಕ್ಕೆ ತಾಗಿಸಿ ಹಿಂದಿನ ಬಂಪರು ಕೆತ್ತಿಸಿದರು.

"ಲೈಸೆನ್ಸ್ ಕೊಟ್ಟವ್ರು ಗಂಬಕ್ಕ ತೋರಿಸಿ ಕೊಡಲಿಲ್ಲೇನಪ್ಪಾ?" ಎಂದು ಚಾಚಾ ಹೊರಸಿನ ಮೇಲಿಂದಲೇ ಅಂದರು.

"ನೀವಾ ಹೊಡದ ಕೊಡ್ರಲ್ಲ ಚಾಚಾ. ಒತ್ತಿದ್ರ ಹಾರೋ ಡಬ್ಬಿ ಬಣ್ಣ ತರ್ತೇನಿ, ಗನ್ನಿನ ಗರಜಿಲ್ಲ."

"ಬ್ಯಾಡಪ್ಪ. ಹೊಸ ಗಾಡಿ ನಿಮ್ಮದು. ನನ್ನ ಕೈ ನನಗ ನಂಬಿಕಿಲ್ಲ."

ಅವರು ಅದನ್ನು ನಗುತ್ತಲೇ ಹೇಳಿದರು. ನಾನು ಹಿಟ್ಟು ಕಲಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಮರುದಿನಕ್ಕೆ ಇಟ್ಟರೆ ಇನ್ನೊಂದು ವರ್ಷ ಹೋಗುತ್ತದೆ ಎಂದು ಗೊತ್ತಿತ್ತು.

"ಚಾಚಾ, ಮಲಕಪ್ಪನ ಬಂಪರ್ ನಾ ಮುಟ್ಟಿದ್ದೆ."

ಚಾಚಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಗಾಳಿ, ಸೀರೆ, ಎಣ್ಣೆಗೈ, ಅರಿವೆ, ಎಲ್ಲವನ್ನೂ ಹೇಳಿದೆ.

"ಯಾವ ಎಣ್ಣಿ?" ಎಂದು ಚಾಚಾ ಕೇಳಿದರು.

"ಕೊಬ್ಬರಿ ಎಣ್ಣಿ."

"ಎಲ್ಲಿಂದ ಎಲ್ಲೀತನ ಒರಸಿದ್ದಿ?"

ನಮ್ಮ ಕಾರಿನ ಬಂಪರಿನ ಮೇಲೆ ಎಡಗಡೆಯ ತುದಿಯಿಂದ ನಡುವಿನವರೆಗೆ ಕೈ ಆಡಿಸಿ ತೋರಿಸಿದೆ. ಚಾಚಾ ತಲೆಯಾಡಿಸಿದರು. "ಅಲ್ಲೇ ಎದ್ದಿದ್ವು. ಬಲಕ್ಕ ಒಂದೂ ಇದ್ದಿಲ್ಲ. ಕೈ ಸೋತಿದ್ರ ಎರಡೂ ಕಡೆ ಏಳಬೇಕಿತ್ತಲ್ಲ. ಅಷ್ಟೂ ನನ್ನ ತೆಲಿಗೆ ಹೊಳೀಲಿಲ್ಲ ನೋಡು." ಮತ್ತೆ ಹೇಳಿದರು, "ಸಾಬಾಣ ನೀರು, ಹೊಸಾ ಅರಿವಿ. ಅರ್ಧಾ ದಿವಸದ ಕೆಲಸ ಆಗಿತ್ತವ್ವ."

ಅಷ್ಟೇ. ಬೈಯಲಿಲ್ಲ. ಚಾಚಿಯೂ ಬೈಯಲಿಲ್ಲ. ಅವರು ಹೊಲಿಗೆ ಪೆಟ್ಟಿಗೆಯ ಅಡಿಯಿಂದ ನಾಲ್ಕು ಹಳೆಯ ಸೀರೆ ತೆಗೆದು ನಳಕ್ಕೆ ಒಯ್ದರು.

ಭಾನುವಾರ ಬಂಪರನ್ನು ಬಿಚ್ಚಿ ಹೊರಸಿಗೆ ತಂದೆವು. ಶಿವಪ್ರಕಾಶ ಬಾಗಲಕೋಟೆಯಿಂದ ಬೂದಿಯಲ್ಲೇ ಎರಡು ಬಗೆಯ ಡಬ್ಬಿ ತಂದಿದ್ದರು. ತೊಳೆಯುವುದು, ತಿಕ್ಕುವುದು ನನ್ನ ಪಾಲು. "ಕೈ ತೋರಸು," ಎಂದು ಚಾಚಾ ಮೊದಲು ನನ್ನ ಅಂಗೈ ಮೂಸಿ ನೋಡಿದರು, ಚಾಚಿ ನಕ್ಕರು. ಆಮೇಲೆ ಟಾಕಿಯ ಮುಚ್ಚಳ ಹಿಡಿದು, ಎರಡು ಡಬ್ಬಿಯ ಬಣ್ಣವನ್ನೂ ಕಾಗದದ ಮೇಲೆ ಹೊಡೆದು, ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಒಯ್ದು ಬಹಳ ಹೊತ್ತು ನೋಡಿದರು. "ಇದು," ಎಂದು ಒಂದನ್ನು ಆರಿಸಿದರು.

ನನ್ನ ಕಣ್ಣಿಗೆ ಅದು ಮುಚ್ಚಳಕ್ಕಿಂತ ಕಪ್ಪು ಕಂಡಿತು. ಆದರೆ ಹಸಿಯಲ್ಲೇ ಒಣಗಿದ್ದನ್ನು ನೋಡುವವರು ಅವರು. ನನಗೇನು ತಿಳಿಯುತ್ತದೆ ಎಂದುಕೊಂಡೆ.

ಚಾಚಾ ಒದ್ದೆ ಸೀರೆಗಳ ಒಳಗೆ ನಿಂತು ಹೊಡೆದರು. ಆ ತುದಿಯಿಂದ ಈ ತುದಿಗೆ ಒಂದೇ ವೇಗ, ಒಂದೇ ಅಂತರ. ನಡುವೆ ಒಂದು ಸಲವೂ ಕೈ ತಡವರಿಸಲಿಲ್ಲ. ಮೂರು ಪದರ ಬಣ್ಣ, ಮೇಲೆ ಹೊಳಪು. ಮಧ್ಯಾಹ್ನದ ಹೊತ್ತಿಗೆ ಸೀರೆ ಸರಿಸಿದಾಗ ಬಂಪರು ತುಂಬಿದ ಬಾವಿಯ ನೀರಿನ ಹಾಗೆ ನಿಂತಿತ್ತು. ಒಂದು ಕುಳಿ ಇಲ್ಲ, ಒಂದು ಧೂಳಿನ ಕಣ ಇಲ್ಲ. ಚಾಚಾ ಬಾಗಿ, ಮುಟ್ಟದೆ, ಅದರ ಮೇಲ್ಮೈಗೆ ಕೆನ್ನೆ ಹತ್ತಿರ ಮಾಡಿ ನೋಡಿದರು. ಬೆನ್ನು ನೆಟ್ಟಗೆ ಮಾಡಿದಾಗ ಅವರ ಮುಖದಲ್ಲಿದ್ದದ್ದನ್ನು ನಾನು ಒಂದು ವರ್ಷ ಎರಡು ತಿಂಗಳಿಂದ ಕಂಡಿರಲಿಲ್ಲ.

ಮರುದಿನ ಅದನ್ನು ಕಾರಿಗೆ ಹಚ್ಚಿದೆವು. ಚಾಚಾ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು.

"ಹೊಂದೇತೇನು?"

ಶಿವಪ್ರಕಾಶ ನನ್ನ ಕಡೆ ನೋಡಿದರು. ಚಾಚಿ ನನ್ನ ಕಡೆ ನೋಡಿ ತಲೆಯಾಡಿಸಿದರು, ಹೌದೆನ್ನು ಎಂಬಂತೆ. ಬಿಸಿಲು ಕಾರಿನ ಬೆನ್ನ ಮೇಲೆ ಬಿದ್ದಿತ್ತು.

"ಇಲ್ಲ ಚಾಚಾ," ಎಂದೆ. "ಒಂದ ಎಳಿ ಕಪ್ಪಾಗೈತಿ."

ಚಾಚಾ ಹತ್ತಿರ ಬಂದರು. ಕಾರಿನ ಮೈ ಮತ್ತು ಬಂಪರು ಕೂಡುವ ಸಂದಿಯ ಮೇಲೆ ಹೆಬ್ಬೆರಳು ಆಡಿಸಿದರು, ಬಣ್ಣ ಬೆರಳಿಗೆ ತಿಳಿಯುತ್ತದೆಂಬಂತೆ.

"ಕೈ ಸುದ್ದ ಐತಿ," ಎಂದರು. "ಕಣ್ಣು ಹೋತು." ಆಮೇಲೆ ನನ್ನನ್ನು ನೋಯಿಸಲೆಂದಲ್ಲ, ಬರೀ ಲೆಕ್ಕ ಸರಿ ಮಾಡುವವರ ಹಾಗೆ ಹೇಳಿದರು: "ಆವಾಗ ಹೇಳಿದ್ರ ಎರಡೂ ಇದ್ವು ಬಸವ್ವ."

ಪ್ರಿಯದರ್ಶಿನಿ ಓಡಿಬಂದು ಅವರ ಲುಂಗಿ ಹಿಡಿದಳು. ಅವಳನ್ನು ಎತ್ತಿಕೊಂಡು ಹೊರಸಿನ ಕಡೆ ನಡೆದರು.

ಬಾಗಲಕೋಟೆಯಲ್ಲಿ ಕೊಟ್ಟರೆ ಒಂದೇ ದಿನದಲ್ಲಿ ಸರಿಯಾದ ಬಣ್ಣ ಹೊಡೆದು ಕೊಡುತ್ತಾರೆ ಎಂದು ಶಿವಪ್ರಕಾಶ ಎರಡು ಸಲ ಹೇಳಿದರು. ಬೇಡ ಎಂದಿದ್ದೇನೆ. ಮೋಡವಿದ್ದ ದಿನ ಗೊತ್ತಾಗುವುದಿಲ್ಲ. ಬಿಸಿಲಿದ್ದ ದಿನ ಹಿಂದಿನಿಂದ ನೋಡಿದರೆ ಕಾಣುತ್ತದೆ, ಒಂದು ಎಳೆ ಕಪ್ಪು. ನಮ್ಮ ಊರಿನಲ್ಲಿ ಬಿಸಿಲಿಲ್ಲದ ದಿನ ಕಡಿಮೆ.